ಮೌಂಟಿಂಗ್ ವೆಲ್ಡ್ ಮಾಡುವ ಮುಂಚೆ ಮ್ಯಾನಿಫೋಲ್ಡ್ ಕಟ್ಟಿ ನೋಡಿ

ಸಣ್ಣ ಪಿಕಪ್‌ಗೆ ದೊಡ್ಡ ಎಂಜಿನ್ ಹಾಕಲು ಹೊರಟವರ ತಲೆಯಲ್ಲಿ ಮೊದಲು ಓಡುವುದು ಎಂಜಿನ್ ಮೌಂಟಿಂಗ್ (ಎಂಜಿನ್ ಕೂರುವ ಬ್ರಾಕೆಟ್ಟು), ಗೇರ್‌ಬಾಕ್ಸ್, ರೇಡಿಯೇಟರ್. ಸಿಲಿಂಡರುಗಳ ಹೊಗೆಯನ್ನೆಲ್ಲ ಒಟ್ಟು ಮಾಡಿ ಸೈಲೆನ್ಸರ್ ಪೈಪಿಗೆ ಬಿಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೆನಪಾಗುವುದು ಕೊನೆಗೆ. ಅಷ್ಟೊತ್ತಿಗೆ ಮೌಂಟಿಂಗ್ ವೆಲ್ಡ್ ಆಗಿ, ಎಂಜಿನ್ ಕೂತು, ಮ್ಯಾನಿಫೋಲ್ಡ್ ಹಿಡಿದು ನೋಡಿದರೆ ಸ್ಟೇರಿಂಗ್ ಶಾಫ್ಟ್ ಅಡ್ಡ ನಿಂತಿರುತ್ತದೆ. ನಾನೂ ಹಾಗೇ ಮಾಡಿದ್ದೆ. ಎಂಜಿನ್ನನ್ನು ಬರೀ 15 ಮಿಲಿಮೀಟರ್ ಸರಿಸುವುದಕ್ಕೆ, ಗಟ್ಟಿಯಾಗಿ ವೆಲ್ಡ್ ಮಾಡಿದ್ದ ಎರಡು ಬ್ರಾಕೆಟ್ಟನ್ನೂ ಗ್ರೈಂಡರ್ ಹಿಡಿದು ಕೊಯ್ದು ತೆಗೆಯಬೇಕಾಯಿತು. ಅದಕ್ಕೇ ಹೇಳುತ್ತೇನೆ, ಎಂಜಿನ್ ಎಲ್ಲಿ ಕೂರಬೇಕು ಅನ್ನುವುದನ್ನು ಮ್ಯಾನಿಫೋಲ್ಡ್ ನೋಡಿಕೊಂಡೇ ತೀರ್ಮಾನ ಮಾಡಿ.

ಷೆವರ್ಲೆ ಎಸ್-10 ಪಿಕಪ್ಪನ್ನೇ ತಗೊಳ್ಳಿ. ಅದರಲ್ಲಿ ಬರುತ್ತಿದ್ದ 4.3 ಲೀಟರ್ ವಿ6, 5.7 ಲೀಟರ್ ವಿ8ರ ತಮ್ಮ ಇದ್ದ ಹಾಗೆ. ಎರಡು ಸಿಲಿಂಡರ್ ಕಮ್ಮಿ, ಅಷ್ಟೇ. ವಿ6 ತೆಗೆದು ಈ ವಿ8 ಹಾಕಿದರೆ ಅಗಲ ಹೆಚ್ಚುಕಮ್ಮಿ ಒಂದೇ, ಆದರೆ ಉದ್ದ ಜಾಸ್ತಿ. ಎಂಜಿನ್ ಉದ್ದ ಆದ ಕೂಡಲೇ ಮ್ಯಾನಿಫೋಲ್ಡ್ ಬಾಯಿ ಇರುವ ಜಾಗವೂ ಬದಲಾಗುತ್ತದೆ. ಅಲ್ಲಿ ಸ್ಟೇರಿಂಗ್ ಶಾಫ್ಟೋ, ಚಾಸಿಸ್ಸೋ, ಸೆಲ್ಫ್ ಮೋಟರ್ರೋ ಸಿಗುತ್ತದೆ.

ಮೊದಲು ಮ್ಯಾನಿಫೋಲ್ಡ್ ಆಯ್ಕೆ. ಹೆಡರ್ ಅಂದರೆ ಎರಕದ ಬದಲು ಸಿಲಿಂಡರಿಗೊಂದು ಪೈಪ್ ವೆಲ್ಡ್ ಮಾಡಿ ಕಟ್ಟಿದ ಮ್ಯಾನಿಫೋಲ್ಡ್. ಉದ್ದ ಪೈಪಿನ ಹೆಡರ್ ನೋಡಲು ಚೆನ್ನ, ಪವರ್ರೂ ಸ್ವಲ್ಪ ಜಾಸ್ತಿ ಸಿಗಬಹುದು, ಆದರೆ ಸಣ್ಣ ಗಾಡಿಯಲ್ಲಿ ಅದಕ್ಕೆ ಜಾಗ ಹುಡುಕುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಬ್ಲಾಕಿಗೆ ಒತ್ತಿಕೊಂಡೇ ಇಳಿಯುವ ಗಿಡ್ಡ ಹೆಡರ್ ಒಂದು ದಾರಿ. ನನ್ನ ಒಲವು ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಕಡೆಗೇ. ಸದ್ದು ಕಮ್ಮಿ, ಗ್ಯಾಸ್ಕೆಟ್ ಜಾಸ್ತಿ ದಿನ ಬಾಳುತ್ತದೆ. ಒಂದೇ ಎಂಜಿನ್ನಿಗೆ ಬೇರೆ ಬೇರೆ ಗಾಡಿಗಳಲ್ಲಿ ಬೇರೆ ಬೇರೆ ಆಕಾರದ ಮ್ಯಾನಿಫೋಲ್ಡ್ ಬಂದಿರುತ್ತದೆ. ಕೆಲವದರ ಬಾಯಿ ಹಿಂದಕ್ಕೆ, ಕೆಲವದರದ್ದು ನಡುವಿನಿಂದ ನೇರ ಕೆಳಕ್ಕೆ. ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ಹಾಕಿದರೂ ತಪ್ಪೇನಿಲ್ಲ.

ಈಗ ಎಂಜಿನ್ ಕೂರಿಸಿ ನೋಡುವುದು. ಮೌಂಟಿಂಗ್‌ಗೆ ಸುಮ್ನೆ ಚುಕ್ಕೆ ವೆಲ್ಡ್ ಸಾಕು. ಬರೀ ಬ್ಲಾಕು, ಹೆಡ್ಡು ಇಟ್ಟು ಅಳತೆ ನೋಡಬೇಡಿ. ಸ್ಪಾರ್ಕ್ ಪ್ಲಗ್, ಅದರ ವೈರು, ಸೆಲ್ಫ್ ಮೋಟರ್, ಆಯಿಲ್ ಫಿಲ್ಟರ್, ಆಯಿಲ್ ಕಡ್ಡಿಯ ಪೈಪು, ಎಲ್ಲ ಹಾಕಿರಬೇಕು. ಹಾಕಿದ ಮೇಲೆ ಪ್ಲಗ್ ಸ್ಪ್ಯಾನರ್ ಒಳಗೆ ಹೋಗುತ್ತದಾ, ಫಿಲ್ಟರ್ ಬಿಚ್ಚಲು ಬರುತ್ತದಾ ಕೈಯಾರೆ ನೋಡಿ.

ಕಣ್ಣಿಗೆ ಕಾಣದ ಜಾಗಕ್ಕೆ ಮೆತ್ತನೆ ಜೇಡಿಮಣ್ಣಿನ ಉಂಡೆ ಒಳ್ಳೆಯ ಉಪಾಯ. ಶಾಫ್ಟಿಗೆ ಮೆತ್ತಿ, ಮ್ಯಾನಿಫೋಲ್ಡ್ ಬಿಗಿದು, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಆಮೇಲೆ ಉಂಡೆ ಎಷ್ಟು ಚಪ್ಪಟೆ ಆಗಿದೆ ನೋಡಿ. ಆ ದಪ್ಪವೇ ನಿಮ್ಮ ಗ್ಯಾಪ್. ನಾನು 15 ಮಿಲಿಮೀಟರ್‌ಗಿಂತ ಕಮ್ಮಿ ಬಿಡುವುದಿಲ್ಲ, ಯಾಕೆಂದರೆ ಎಂಜಿನ್ ಸುಮ್ಮನೆ ಕೂರುವುದಿಲ್ಲ. ಹೀಗೆ ಉದ್ದಕ್ಕೆ ಕೂತ ಎಂಜಿನ್ನಿನ ಕ್ರ್ಯಾಂಕ್ ಸಾಮಾನ್ಯವಾಗಿ ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಇಡೀ ಎಂಜಿನ್ ಅದಕ್ಕೆ ಎದುರು ದಿಕ್ಕಿಗೆ ವಾಲುತ್ತದೆ. ಡ್ರೈವರ್ ಸೀಟಿನಲ್ಲಿ ಕೂತು ನೋಡಿದರೆ ಎಡಗಡೆ ಮೇಲೇಳುತ್ತದೆ, ಬಲಗಡೆ ಕುಸಿಯುತ್ತದೆ. ನಿಮ್ಮ ಸ್ಟೇರಿಂಗ್ ಯಾವ ಕಡೆ ಇದೆಯೋ ನೋಡಿ ಗ್ಯಾಪ್ ಬಿಡಿ.

ಎಷ್ಟು ಮಾಡಿದರೂ ಶಾಫ್ಟ್ ತಾಗುತ್ತಿದೆಯಾ? ದಯವಿಟ್ಟು ಅದನ್ನು ಕಾಯಿಸಿ ಬಗ್ಗಿಸಬೇಡಿ. ಸ್ಟೇರಿಂಗ್‌ಗೇ ಅಂತ ಸಿಗುವ ಯೂನಿವರ್ಸಲ್ ಜಾಯಿಂಟ್ (ಓರೆಯಾಗಿದ್ದರೂ ತಿರುಗುವ ಕೀಲು) ಹಾಕಿ ದಾರಿ ತಪ್ಪಿಸಬಹುದು. ಎರಡಕ್ಕಿಂತ ಜಾಸ್ತಿ ಜಾಯಿಂಟ್ ಬಂದರೆ ನಡುವೆ ಶಾಫ್ಟ್ ಹಿಡಿದುಕೊಳ್ಳಲು ಒಂದು ಬೇರಿಂಗ್ ಬೇಕೇ ಬೇಕು.

ಜಾಗ ಸರಿಹೋಯಿತು ಅಂದರೆ ಮುಖ ನೋಡಿ, ಅಂದರೆ ಹೆಡ್ಡಿಗೆ ಕೂರುವ ಮೈ. ಹಳೆಯ ಮ್ಯಾನಿಫೋಲ್ಡ್ ಸೊಟ್ಟ ಆಗಿರುವುದು ಮಾಮೂಲು. ನೇರ ಪಟ್ಟಿ ಇಟ್ಟು ಫೀಲರ್ ಗೇಜ್, ಅಂದರೆ ಗೊತ್ತಾದ ದಪ್ಪದ ತೆಳು ಬ್ಲೇಡುಗಳ ಅಳತೆ ಸಾಮಾನು, ತೂರಿಸಿ. 0.25 ಮಿಲಿಮೀಟರ್ ಬ್ಲೇಡ್ ಒಳಗೆ ಹೋದರೆ ಮೆಷಿನ್ ಶಾಪ್‌ನಲ್ಲಿ ಮಟ್ಟ ಹೊಡೆಸಿ. ಗ್ಯಾಸ್ಕೆಟ್ ಹೊಸದೇ ಇರಲಿ. ಅದರ ತೂತು ಹೆಡ್ಡಿನಲ್ಲಿ ಹೊಗೆ ಹೊರಬರುವ ಪೋರ್ಟಿಗಿಂತ ಚಿಕ್ಕದಿರಬಾರದು. ಸಿಲಿಕೋನ್ ಪೇಸ್ಟ್ ಬೇಡ, ಈ ಬಿಸಿಗೆ ಅದು ನಿಲ್ಲುವುದಿಲ್ಲ.

ಬೋಲ್ಟಿನ ವಿಷಯಕ್ಕೆ ಬನ್ನಿ. ಜಾಸ್ತಿ ಜನ ಎಡವುವುದು ಇಲ್ಲೇ. ಅರ್ಧ ಮೀಟರ್ ಉದ್ದದ ಎರಕದ ಮ್ಯಾನಿಫೋಲ್ಡ್ 600 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಉದ್ದ ಆಗುತ್ತದೆ. ಹೆಡ್ಡಿನ ಒಳಗೆ ನೀರು ಓಡುತ್ತಿರುತ್ತದೆ, ಅದು ಅಷ್ಟು ಹಿಗ್ಗುವುದಿಲ್ಲ. ಅಂದರೆ ಪ್ರತಿ ಸಲ ಗಾಡಿ ಕಾದಾಗ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಜಾರಬೇಕು, ತಣ್ಣಗಾದಾಗ ವಾಪಸ್ ಬರಬೇಕು. ಜಾರಲು ಬಿಡದೆ ಬಿಗಿದರೆ ತುದಿಯ ಬೋಲ್ಟು ತುಂಡಾಗುತ್ತದೆ. ತುದಿಯ ತೂತುಗಳನ್ನು ಕೊಂಚ ದೊಡ್ಡದಾಗಿ ಕೊಟ್ಟಿರುವುದು ಇದಕ್ಕೇ, ಅದನ್ನು ಲೂಸು ಅಂದುಕೊಂಡು ಬುಷ್ ಹಾಕಿ ತುಂಬಬೇಡಿ.

ಮೊದಲು ಹೆಡ್ಡಿನ ಥ್ರೆಡ್ಡಿಗೆಲ್ಲ ಟ್ಯಾಪ್ (ಥ್ರೆಡ್ ಕೊಯ್ಯುವ ಸಾಮಾನು) ಬಿಟ್ಟು ಕಸ ತೆಗೆಯಿರಿ. ಬೋಲ್ಟು ಕೈಯಲ್ಲೇ ಪೂರ್ತಿ ಒಳಗೆ ತಿರುಗಬೇಕು. ಎಲ್ಲವನ್ನೂ ಬೆರಳಲ್ಲಿ ಹಿಡಿಸಿ, ಆಮೇಲೆ ನಡುವಿನಿಂದ ಶುರು ಮಾಡಿ ತುದಿ ಕಡೆಗೆ ಹೋಗಿ, ಒಂದೇ ಸಲಕ್ಕಲ್ಲ, ಎರಡು ಸುತ್ತಿನಲ್ಲಿ. ಷೆವರ್ಲೆಯ ಒಡೆಯ ಜಿಎಂ ಕಂಪನಿಯ ಎಲ್‌ಎಸ್ ವಿ8 ಎಂಜಿನ್ನಿನ ಎಂ8 (8 ಮಿಲಿಮೀಟರ್) ಬೋಲ್ಟಿಗೆ ಮೊದಲ ಸುತ್ತು 15, ಎರಡನೆಯದು 25 ನ್ಯೂಟನ್ ಮೀಟರ್. ಬೇರೆ ಎಂಜಿನ್ ಆದರೆ ಅದರ ಮ್ಯಾನ್ಯುಯಲ್ ನೋಡಿ. ಬಿಗಿಯುವ ಬಲ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಅಂದಾಜಿಗೆ ಬಿಗಿಯುವ ಜಾಗ ಇದಲ್ಲ.

ಪೈಪ್ ವೆಲ್ಡ್ ಮಾಡುವಾಗ ಒಂದು ಮಾತು, ಇದನ್ನು ಹಗುರವಾಗಿ ತಗೊಳ್ಳಬೇಡಿ. ಎಣ್ಣೆ ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದು ಅದರ ಮೇಲೆ ವೆಲ್ಡ್ ಮಾಡಿದರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಶ್ವಾಸಕೋಶಕ್ಕೇ ಹೊಡೆತ. ಕ್ಲೀನರ್ ಡಬ್ಬಿಯ ಹಿಂದೆ ಬರೆದಿರುವುದನ್ನು ಓದಿ. ಬ್ಯಾಟರಿ ವೈರನ್ನೂ ಬಿಚ್ಚಿಡಿ.

ಬ್ರೇಕ್ ಪೈಪು, ಡೀಸೆಲ್ ಅಥವಾ ಪೆಟ್ರೋಲ್ ಪೈಪು ಹತ್ತಿರ ಬಂದಿದ್ದರೆ ಮೊದಲು ದೂರ ಸರಿಸಲು ನೋಡಿ, ಆಗದಿದ್ದರೆ ನಡುವೆ ಗಾಳಿ ಆಡುವಷ್ಟು ಸಂದು ಬಿಟ್ಟು ತಗಡಿನ ಶೀಲ್ಡ್ ಹಾಕಿ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವುದು ಬಯಲಲ್ಲಿ, ಮುಚ್ಚಿದ ಶೆಡ್ಡಿನಲ್ಲಿ ಅಲ್ಲ. ತಣ್ಣಗಿದ್ದಾಗ ಟಿಕ್ ಟಿಕ್ ಅಂದು, ಕಾದ ಮೇಲೆ ಸದ್ದು ನಿಂತರೆ ಮ್ಯಾನಿಫೋಲ್ಡ್ ಸೋರುತ್ತಿದೆ ಅನ್ನುವ ಅನುಮಾನ ಇಟ್ಟುಕೊಳ್ಳಿ. ಕಾದಾಗ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ವಾಸಿ ಆಯಿತು ಅಂದುಕೊಂಡು ಬಿಡಬೇಡಿ. ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಾದರೆ ಈ ಸೋರಿಕೆಯಿಂದ ಹೊರಗಾಳಿ ಒಳಗೆ ಸೇರಿ, ಪೆಟ್ರೋಲ್ ಕಮ್ಮಿಯಾಗಿದೆ ಅಂತ ಕಂಪ್ಯೂಟರ್ ತಿಳಿದು ಜಾಸ್ತಿ ಸುರಿಯುತ್ತದೆ. ಮೂರು ನಾಲ್ಕು ಸಲ ಚೆನ್ನಾಗಿ ಕಾದು ತಣ್ಣಗಾದ ಮೇಲೆ ಗ್ಯಾಸ್ಕೆಟ್ ಅಂಚಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಕಪ್ಪು ಮಸಿಯ ಗೆರೆ ಎಲ್ಲಿದೆಯೋ ಅಲ್ಲೇ ಸೋರುತ್ತಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಬೋಲ್ಟುಗಳಿಗೆಲ್ಲ ಇನ್ನೊಂದು ಸುತ್ತು ಟಾರ್ಕ್ ರೆಂಚ್ ಹಾಕಿ, ನಡುವಿನಿಂದ ತುದಿಗೆ.