ಅಚ್ಚಾದ ಅಕ್ಷರಗಳ ಕೆಳಗಿನ ಬೆರಳಚ್ಚು ಕೊನೆಗೂ ಕಾಣಿಸಿತು

ಕಾಗದದ ಮೇಲಿನ ಬೆರಳಚ್ಚಿಗೆ ನಿನ್‌ಹೈಡ್ರಿನ್ (ಬೆವರಿನ ಅಂಶದ ಜೊತೆ ಸೇರಿ ನೇರಳೆ ಬಣ್ಣ ಕೊಡುವ ರಾಸಾಯನಿಕ) ಹಾಕಿದ್ದೆ. ನೇರಳೆ ಗೆರೆಗಳು ಬಂದವು, ಆದರೆ ಮೇಲೆಲ್ಲ ಕಪ್ಪು ಅಕ್ಷರ! ಸಾಮಾನ್ಯ ಫೋಟೋದಲ್ಲಿ ಎರಡೂ ಕಲಸಿಹೋಗಿದ್ದವು. ಕಾಂಟ್ರಾಸ್ಟ್ ಎಷ್ಟು ಏರಿಸಿದರೂ ಅಷ್ಟೇ, ಸುಮ್ನೆ ಎರಡು ದಿನ ಹೋಯಿತು.

ಆಮೇಲೆ ಸ್ಪೆಕ್ಟ್ರಲ್ ಕ್ಯಾಮೆರಾದಲ್ಲಿ, ಅಂದರೆ ಬೆಳಕಿನ ಒಂದೊಂದು ಬಣ್ಣಕ್ಕೂ ಬೇರೆ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ಅಲೆಯುದ್ದ ಬದಲಿಸುತ್ತಾ ತೆಗೆದೆ. ಆ ನೇರಳೆ ಬಣ್ಣ 570 ನ್ಯಾನೋಮೀಟರ್ ಸುತ್ತಮುತ್ತ ಬೆಳಕನ್ನು ಚೆನ್ನಾಗಿ ಹೀರುತ್ತದೆ, 700ರ ಹತ್ತಿರ ಹೆಚ್ಚುಕಡಿಮೆ ಮಾಯ. ಇಂಗಾಲದ ಕಪ್ಪು ಶಾಯಿ ಮಾತ್ರ ಎರಡರಲ್ಲೂ ಕಪ್ಪೇ ಅಲ್ವಾ, ಹಾಗಾಗಿ 570ರ ಚಿತ್ರದ ಪ್ರತಿ ಬಿಂದುವಿನ ಹೊಳಪನ್ನು 700ರ ಚಿತ್ರದ ಅದೇ ಬಿಂದುವಿನ ಹೊಳಪಿನಿಂದ ಭಾಗಿಸಿದರೆ ಅಕ್ಷರ ಮಸುಕಾಗಿ ಗೆರೆ ಉಳಿಯಬೇಕು.

ಮೊದಲ ಸಲ ಉಳಿಯಲಿಲ್ಲ. ಕ್ಯಾಮೆರಾದ್ದೇ ಗದ್ದಲ ತೆಗೆಯಲು ಲೆನ್ಸ್ ಮುಚ್ಚಿ ತೆಗೆದ ಕತ್ತಲೆ ಚಿತ್ರವನ್ನು ಕಳೆಯೋದು, ಬೆಳಕಿನ ಏರುಪೇರನ್ನು ಬಿಳಿ ಫಲಕದ ಚಿತ್ರದಿಂದ ಸರಿಹೊಂದಿಸೋದು ಎರಡನ್ನೂ ಬಿಟ್ಟಿದ್ದೆ. ಅದನ್ನು ಮಾಡಿ ಭಾಗಿಸಿದೆ. ಗೆರೆ ಕವಲೊಡೆಯುವ ಜಾಗಗಳೂ ಸ್ಪಷ್ಟವಾಗಿ ಕಂಡವು, ತುಂಬಾ ಖುಷಿಯಾಯಿತು. ಮೂಲ ಚಿತ್ರಗಳನ್ನು ಮುಟ್ಟದೆ ಹಾಗೇ ಇಟ್ಟಿದ್ದೇನೆ.