ವಕೀಲರ ಕಚೇರಿಗೆ ಪೇಪರ್‌ಲೆಸ್ ಕೂರಿಸಿದ್ದು: ನನ್ನ ಅನುಭವ

ಪೇಪರ್‌ಲೆಸ್-ಎನ್‌ಜಿಎಕ್ಸ್ ಅಂದ್ರೆ ಸ್ಕ್ಯಾನ್ ಮಾಡಿದ ಕಾಗದಗಳನ್ನು ಓದಿ, ಜೋಡಿಸಿ, ಹುಡುಕಿಕೊಡುವ ಉಚಿತ ಸಾಫ್ಟ್‌ವೇರ್. ಅದು ಕನ್ನಡ ಕಾಗದಕ್ಕೆ ಆಗಲ್ಲ ಅಂತ ಸುಮಾರು ಜನ ಹೇಳಿದ್ದರು. ಅವರಲ್ಲಿ ನನಗಿಂತ ಪಳಗಿದವರೂ ಇದ್ದರು. ಈಗ ಹಾಸನದ ಒಂದು ವಕೀಲರ ಕಚೇರಿಯಲ್ಲಿ ಅದು ದಿನಾ ಓಡುತ್ತಿದೆ. ಪಹಣಿ, ಕ್ರಯಪತ್ರ, ಇಸಿ, ಕಂದಾಯ ರಸೀದಿ ಎಲ್ಲ ಸೇರಿ ಆರೇಳು ಸಾವಿರ ಕಾಗದ ಒಳಗಿವೆ. ಊರಿನ ಹೆಸರು ಹೊಡೆದರೆ ಕಾಗದ ಎದುರಿಗೆ ಬರುತ್ತದೆ. ಇದು ಓಡೋದು ಡಾಕರ್‌ನಲ್ಲಿ, ಅಂದ್ರೆ ಒಂದೊಂದು ಸಾಫ್ಟ್‌ವೇರನ್ನು ‘ಕಂಟೇನರ್’ ಅನ್ನೋ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ವ್ಯವಸ್ಥೆ. ಅದನ್ನು ಕೂರಿಸುವ ಪಾಠ ಇಲ್ಲಿ ಬೇಡ.

ದುಡ್ಡಿನ ಲೆಕ್ಕ ಮೊದಲು. ಒಂದು ಕಂಪನಿ ವರ್ಷಕ್ಕೆ ನಲವತ್ತು ಸಾವಿರದ ಹತ್ತಿರ ಕೇಳಿತ್ತು. ಅದರಲ್ಲಿ ಕನ್ನಡದ ಹುಡುಕಾಟ ಇರಲೇ ಇಲ್ಲ. ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಂದೆ. ಆರನೇ ಜನರೇಶನ್ ಐ5, 8 ಜಿಬಿ ರ್‍ಯಾಮ್, ಒಂಬತ್ತು ಸಾವಿರದ ಆಸುಪಾಸು. ಎಸ್‌ಎಸ್‌ಡಿ, ಯುಪಿಎಸ್, ಬ್ಯಾಕಪ್ ಡಿಸ್ಕ್ ಸೇರಿ ಹದಿನೇಳು ಸಾವಿರದೊಳಗೆ ಮುಗಿಯಿತು. ಸ್ಕ್ಯಾನರ್ ಅವರ ಹತ್ತಿರವೇ ಇತ್ತು. ಇದಕ್ಕೂ ಮುಂಚೆ 2 ಜಿಬಿಯ ಸಣ್ಣ ಬೋರ್ಡ್ ಒಂದರಲ್ಲಿ ನೋಡಿದ್ದೆ. ನಾಲ್ಕು ಪುಟದ ಕ್ರಯಪತ್ರಕ್ಕೇ ಮೆಮರಿ ಸಾಲದೆ ಕಂಟೇನರ್ ಸಾಯುತ್ತಿತ್ತು. ಆ ದಾರಿ ಬೇಡ.

ಮೊದಲ ತೊಡಕು ಭಾಷೆಯದು. ಚಿತ್ರದಲ್ಲಿರುವ ಅಕ್ಷರ ಗುರುತಿಸೋ ಕೆಲಸ (ಓಸಿಆರ್) ಇಲ್ಲಿ ಟೆಸರಾಕ್ಟ್ ಅನ್ನೋ ಪ್ರೋಗ್ರಾಂನದು. ಸೆಟ್ಟಿಂಗ್‌ನಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ವೇರಿಯಬಲ್ ಇವೆ. ‘ಲಾಂಗ್ವೇಜಸ್’ ಅನ್ನೋದು ಟೆಸರಾಕ್ಟ್‌ನ ಭಾಷಾ ಪ್ಯಾಕೇಜ್ ಇಳಿಸುತ್ತದೆ. ‘ಲಾಂಗ್ವೇಜ್’ ಅನ್ನೋದು ಓದುವಾಗ ಯಾವ ಭಾಷೆ ಅಂತ ಹೇಳುತ್ತದೆ. ಎರಡೂ ಬೇಕು, ಎರಡನೆಯದಕ್ಕೆ ಕನ್ನಡ ಪ್ಲಸ್ ಇಂಗ್ಲಿಷ್ ಕೊಡಬೇಕು. ತೊಂದರೆ ಏನಂದ್ರೆ, ಕಂಟೇನರ್ ಹೊಸದಾಗಿ ಕಟ್ಟಿದಾಗಲೆಲ್ಲ ಪ್ಯಾಕೇಜ್ ಮತ್ತೆ ನೆಟ್‌ನಿಂದಲೇ ಬರಬೇಕು. ಒಂದು ಸಲ ಅಪ್‌ಡೇಟ್ ಹೊತ್ತಿಗೇ ನೆಟ್ ಹೋಯಿತು, ಕನ್ನಡವೂ ಹೋಯಿತು. ಅವತ್ತಿಂದ ಎರಡು ಸಾಲಿನ ಡಾಕರ್‌ಫೈಲ್ ಬರೆದು ಕನ್ನಡ ಸೇರಿಸಿದ ನನ್ನದೇ ಇಮೇಜ್ (ಕಂಟೇನರ್ ಕಟ್ಟುವ ಅಚ್ಚು) ಇಟ್ಟುಕೊಂಡಿದ್ದೇನೆ. ಇಮೇಜ್ ಒಳಗಿರುವ ಡೆಬಿಯನ್ (ಲಿನಕ್ಸ್) ಪ್ಯಾಕೇಜ್‌ನಲ್ಲಿ ಬರೋದು ಟೆಸರಾಕ್ಟ್‌ನ ಬೇಗ ಓದುವ ಫಾಸ್ಟ್ ಮಾಡೆಲ್. ಅದರ ಜಾಗದಲ್ಲಿ ಬೆಸ್ಟ್ ಮಾಡೆಲ್ ಹಾಕಿ. ಪುಟಕ್ಕೆ ಹತ್ತು ಸೆಕೆಂಡ್ ಜಾಸ್ತಿ ಹಿಡಿಯಬಹುದು, ಆದರೆ ಒತ್ತಕ್ಷರ ಎಷ್ಟೋ ಸರಿಯಾಗಿ ಬರುತ್ತದೆ.

ಎಲ್ಲರೂ ಕೈಬಿಟ್ಟಿದ್ದು ಇನ್ನೊಂದು ಕಡೆ. ಟೈಪಿಂಗ್ ಅಂಗಡಿಯಿಂದ ಬಂದ ಪಿಡಿಎಫ್‌ಗಳು ಕಣ್ಣಿಗೆ ಚೊಕ್ಕ ಕನ್ನಡ. ಹುಡುಕಿದರೆ ಒಂದೂ ಸಿಗಲ್ಲ. ಓಸಿಆರ್ ಸರಿಯಿಲ್ಲ ಅಂತ ಎಲ್ಲರೂ ಅದನ್ನೇ ಬೈದರು. ನಾನು ಒಂದು ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿದೆ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು! ಹಳೆಯ ನುಡಿ ಫಾಂಟ್, ಯೂನಿಕೋಡ್ ಅಲ್ಲ. ಅಂದ್ರೆ ಒಳಗಿರೋದು ಇಂಗ್ಲಿಷ್ ಅಕ್ಷರದ ಸಂಕೇತ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ನಾನು ಹಾಕಿದ ವರ್ಷನ್‌ನಲ್ಲಿ ಪೇಪರ್‌ಲೆಸ್ ಮಾಮೂಲಿಯಾಗಿ ‘ಸ್ಕಿಪ್’ ಮೋಡ್‌ನಲ್ಲಿರುತ್ತದೆ. ಪುಟದಲ್ಲಿ ಅಕ್ಷರ ಇದೆ ಅಂತ ಕಂಡರೆ ಓಸಿಆರ್ ಮಾಡೋದೇ ಇಲ್ಲ. ‘ರೀಡೂ’ ಕೂಡ ಸಾಲದು, ಅದು ಕಣ್ಣಿಗೆ ಕಾಣುವ ಅಕ್ಷರವನ್ನು ಮುಟ್ಟಲ್ಲ. ‘ಫೋರ್ಸ್’ ಹಾಕಿದ ಮೇಲೆ ಪುಟವನ್ನು ಚಿತ್ರ ಮಾಡಿಕೊಂಡು ಹೊಸದಾಗಿ ಓದಿತು. ಹೀಗೆ ಓದಿ ಇಟ್ಟುಕೊಳ್ಳುವ ಆರ್ಕೈವ್ ಫೈಲ್ ದಪ್ಪ ಆಗುತ್ತದೆ, ಆಗಲಿ. ಮೂಲ ಫೈಲ್ ಬೇರೆಯಾಗಿ ಹಾಗೇ ಇರುತ್ತದೆ. ನನಗೆ ಗೊತ್ತಿರುವ ಮಟ್ಟಿಗೆ ಈ ಕಡೆ ಇದನ್ನು ಮೊದಲು ಹಿಡಿದಿದ್ದು ನಾನೇ.

ನುಡಿಯಲ್ಲಿ ಟೈಪ್ ಮಾಡಿದ ವರ್ಡ್ (ಡಾಕ್) ಫೈಲ್‌ಗಳ ಮೇಲೂ ಕೈ ಆಡಿಸಿದೆ. ಫೈಲ್‌ನಿಂದ ಅಕ್ಷರ ತೆಗೆಯುವ ಟೀಕಾ, ಪಿಡಿಎಫ್ ಮಾಡುವ ಗೊಟೆನ್‌ಬರ್ಗ್, ಈ ಎರಡೂ ಕಂಟೇನರ್ ಜೋಡಿಸಿದೆ. ಗೊಟೆನ್‌ಬರ್ಗ್ ಒಳಗೆ ನುಡಿ ಫಾಂಟ್ ಇಟ್ಟ ಮೇಲೆ ಪಿಡಿಎಫ್ ಚೆನ್ನಾಗಿ ಬಂತು. ಹುಡುಕಾಟಕ್ಕೆ ಮಾತ್ರ ಟೀಕಾ ಕೊಟ್ಟ ಅದೇ ಗೋಜಲು. ಕೊನೆಗೆ ಆ ಫೈಲ್‌ಗಳನ್ನು ಹೊರಗೇ ಪಿಡಿಎಫ್ ಮಾಡಿ ಪೇಪರ್‌ಲೆಸ್ ಹೊಸ ಫೈಲ್ ಎತ್ತಿಕೊಳ್ಳುವ ಕನ್ಸ್ಯೂಮ್ ಫೋಲ್ಡರ್‌ಗೆ ಹಾಕಿದೆ. ಎರಡು ಕಂಟೇನರ್ ಕಿತ್ತು ಹಾಕಿದ್ದಕ್ಕೆ ಒಂದಿಷ್ಟು ಮೆಮರಿಯೂ ಉಳಿಯಿತು.

ಸರ್ವೆ ನಂಬರ್ ಹುಡುಕೋದು ಇನ್ನೊಂದು ರಗಳೆ. ಒಂದು ಕಾಗದದಲ್ಲಿ ೪೨/೩, ಇನ್ನೊಂದರಲ್ಲಿ 42/3. ಜೊತೆಗೆ ಟೆಸರಾಕ್ಟ್ ಕನ್ನಡದ ಸೊನ್ನೆಯನ್ನು ಅನುಸ್ವಾರ ಅಂತ ಓದಿಬಿಡುತ್ತದೆ. ಕಾಗದ ಒಳಗೆ ಹೋದ ಮೇಲೆ ತಾನೇ ಓಡುವ ಪೋಸ್ಟ್-ಕನ್ಸ್ಯೂಮ್ ಸ್ಕ್ರಿಪ್ಟ್ ಒಂದು ಬರೆದು, ಎಪಿಐ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಮೂಲಕ ಅಂಕಿಗಳನ್ನೆಲ್ಲ ಒಂದೇ ರೂಪಕ್ಕೆ ತರುತ್ತಿದ್ದೇನೆ. ಸೊನ್ನೆ ಯಾವುದು, ಅನುಸ್ವಾರ ಯಾವುದು ಅಂತ ಅದು ಹೇಗೆ ತೀರ್ಮಾನ ಮಾಡುತ್ತೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದೇ ನನ್ನ ಅನ್ನ. ಒಂದು ಮಾತು ಮಾತ್ರ ಹೇಳುತ್ತೇನೆ: ನಾನು ಹಾಕಿದ ವರ್ಷನ್‌ನಲ್ಲಿ ಅಡ್ವಾನ್ಸ್ಡ್ ಸರ್ಚ್ ಕನ್ನಡ ಪದವನ್ನು ಗುಣಿತದ ಹತ್ತಿರ ಒಡೆದು ಹಾಕುತ್ತದೆ. ಟೈಟಲ್ ಮತ್ತು ಕಂಟೆಂಟ್ ಫಿಲ್ಟರ್ ಬಳಸಿ, ಪದ ಇದ್ದ ಹಾಗೇ ಸಿಗುತ್ತದೆ.

ಮನೆಯಿಂದ ನೋಡಬೇಕು ಅಂದ್ರು ವಕೀಲರು. ನೆಟ್ ಸಿಜಿನ್ಯಾಟ್ ಹಿಂದೆ ಇದೆ, ಅಂದ್ರೆ ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ, ಹೊರಗಿನಿಂದ ನೇರ ತಲುಪುವ ಪಬ್ಲಿಕ್ ಐಪಿ ಇಲ್ಲ. ಇದ್ದಿದ್ದರೂ ಕಕ್ಷಿದಾರರ ಕಾಗದ ಇರುವ ಮೆಷಿನ್‌ಗೆ ನಾನು ಪೋರ್ಟ್ ತೆರೆಯುತ್ತಿರಲಿಲ್ಲ. ಪೋರ್ಟ್ ತೆರೆಯದೆ ನಮ್ಮ ಮೆಷಿನ್‌ಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿ ಮುಗಿಸಿದೆ. ಕರೆಂಟ್ ಹೋಗಿ ಬಂದರೆ ತಾನೇ ಏಳುತ್ತದೆ. ರಾತ್ರಿ ಹೊತ್ತು ಡಾಕ್ಯುಮೆಂಟ್ ಎಕ್ಸ್‌ಪೋರ್ಟರ್ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸುತ್ತದೆ. ಆ ಬ್ಯಾಕಪ್‌ನಿಂದ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಪೂರ್ತಿ ಎಬ್ಬಿಸಿಯೂ ನೋಡಿದ್ದೇನೆ, ನೀವೂ ನೋಡಿ.

ಕೈಬರಹದ ಹಳೇ ಪತ್ರಗಳನ್ನು ಇದು ಓದಲ್ಲ. ಅವನ್ನು ಗುಮಾಸ್ತರು ಊರು, ಸರ್ವೆ ನಂಬರ್ ಕೈಯಲ್ಲೇ ಹೊಡೆದು ಸೇರಿಸುತ್ತಾರೆ. “ಪಹಣಿಗೆಲ್ಲ ಇದು ಆಗಲ್ಲ ಸಾರ್” ಅಂದಿದ್ದವರೂ ಅವರೇ. ಈಗ ಪಕ್ಕದ ಕಚೇರಿಯವರನ್ನು ನನ್ನ ಹತ್ತಿರ ಕಳಿಸಿದ್ದಾರೆ. ಅವರಿಗೆ 16 ಜಿಬಿ ರ್‍ಯಾಮ್ ಇರುವ ಮೆಷಿನ್ ಹುಡುಕುತ್ತಿದ್ದೇನೆ.