ಪೇಂಟ್ ಡಬ್ಬಕ್ಕೆ ಕೆಮ್ಮಣ್ಣಿನ ಬಣ್ಣ

ಮನೆಗೆ ಬಣ್ಣ ಹೊಡೆಸಿ ಮುಗಿದ ಮೇಲೆ ನನ್ನ ಪಾಲಿಗೆ ಒಂಬತ್ತು ಡಬ್ಬ ಉಳಿದವು. ಗೋಡೆ ಬಣ್ಣದ ಪ್ಲಾಸ್ಟಿಕ್ ಬಕೆಟ್‌ಗಳನ್ನು ಬಣ್ಣದವರೇ ತೊಳೆದು ಒಯ್ದರು. ಕಿಟಕಿ, ಗ್ರಿಲ್ಲು, ಗೇಟಿಗೆ ಹೊಡೆದ ಆಯಿಲ್ ಪೇಂಟಿನ ತಗಡಿನ ಡಬ್ಬ ಯಾರಿಗೂ ಬೇಡ. ನಾಲ್ಕು ಲೀಟರಿನವು ಎರಡು, ಒಂದು ಲೀಟರಿನವು ಏಳು. ಗುಜರಿಯವನು ಇಣುಕಿ ನೋಡಿ "ಒಳಗೆ ಪೇಂಟ್ ಮೆತ್ತಿದೆ ಅಕ್ಕಾ, ಬೇಡ" ಅಂದ.

ಸರಿ, ನಾನೇ ಏನಾದರೂ ಮಾಡ್ತೀನಿ ಅಂತ ಹೊರಟೆ. ಮೊದಲನೇ ಸಲ ಪೂರಾ ಕೆಟ್ಟಿತು. ಲೇಬಲ್ ಕಿತ್ತು, ಹೊಳೆಯುವ ತಗಡಿನ ಮೇಲೆ ನೇರವಾಗಿ ಅಕ್ರಿಲಿಕ್ ಬಣ್ಣ ಬಳಿದು, ಹೂವು ಬಳ್ಳಿ ಬಿಡಿಸಿ, ಫೋಟೋ ತೆಗೆದು ನೆಂಟರಿಗೆಲ್ಲಾ ಕಳಿಸಿದ್ದೂ ಆಯ್ತು. ಹತ್ತು ದಿನ ಚೆನ್ನಾಗಿತ್ತು. ಮಳೆ ಎರಡು ಸಲ ಬಿದ್ದಿದ್ದೇ ತಡ, ಬೇಯಿಸಿದ ಆಲೂಗಡ್ಡೆ ಸಿಪ್ಪೆ ಸುಲಿದ ಹಾಗೆ ಬಣ್ಣ ಉಗುರಿಗೆ ಎದ್ದು ಬಂತು. ಡಬ್ಬದ ತಳ ತುಕ್ಕು ಹಿಡಿದು ಮೊಸಾಯಿಕ್ ನೆಲದ ಮೇಲೆ ದುಂಡಗೆ ಕಲೆ ಬೇರೆ ಕೂತಿತು. ಅದು ಇನ್ನೂ ಹೋಗಿಲ್ಲ.

ಆಗ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯಿಂದ ದೊಡ್ಡಮ್ಮ ಬಂದಿದ್ದರು. ಸುಲಿದ ಡಬ್ಬ ನೋಡಿ, "ಬುಟ್ಟಿಗೆ ಸಗಣಿ ಬಳೀದೇ ಚಿತ್ತಾರ ಬರೀತಾರೇನೇ?" ಅಂದರು. ನಮ್ಮ ದೀವರ ಸಮುದಾಯದ ಹೆಂಗಸರು ಭೂಮಿ ಹುಣ್ಣಿಮೆ ಹಬ್ಬಕ್ಕೆ ಭೂಮಣ್ಣಿ ಬುಟ್ಟಿ ಮಾಡುತ್ತಾರಲ್ಲ, ಗದ್ದೆಗೆ ಎಡೆ ಒಯ್ಯೋಕೆ, ಅದರ ಮಾತು ಅದು. ಬಿದಿರು ಬುಟ್ಟಿಗೆ ಮೊದಲು ಸಗಣಿ ಬಳಿದು ಸಂದೆಲ್ಲಾ ಮುಚ್ಚಬೇಕು. ಒಣಗಿದ ಮೇಲೆ ಕೆಮ್ಮಣ್ಣು. ಆಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ. ನಾನು ಪೇಟೆಯಲ್ಲಿ ಬೆಳೆದವಳು, ಬುಟ್ಟಿ ನೋಡಿದ್ದೆ, ಆದರೆ ಕೆಳಗಿನ ಪದರದ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಎರಡನೇ ಸಲ ಅಡಿಯಿಂದಲೇ ಶುರು ಮಾಡಿದೆ. ಮುಚ್ಚಳ ತೆಗೆದು ಡಬ್ಬಗಳನ್ನು ತಾರಸಿ ಮೇಲೆ ಬಿಸಿಲಿಗೆ ಇಟ್ಟೆ. ತಳದಲ್ಲಿ ತೆಳ್ಳಗೆ ಉಳಿದ ಪೇಂಟ್ ನಾಲ್ಕೈದು ದಿನಕ್ಕೆ ಒಣಗಿತು, ಪುಟ್ಟಿ ಬ್ಲೇಡು ಕೊಟ್ಟರೆ ಹಪ್ಪಳದ ಹಾಗೆ ಎದ್ದಿತು. ದಪ್ಪಗೆ ಉಳಿದಿದ್ದು ಮಾತ್ರ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗೇ ಇತ್ತು. ಅದನ್ನೆಲ್ಲಾ ಒಂದೇ ಡಬ್ಬಕ್ಕೆ ಸುರಿದು ಮರಳು ಕಲೆಸಿ ಗಟ್ಟಿ ಮಾಡಿದೆ. ಮೋರಿಗೆ ಮಾತ್ರ ಸುರಿಯಬೇಡಿ. ಕೊನೆಗೆ ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸಿದೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆಯಿಲ್ ಪೇಂಟು ಒಣಗುವಾಗ ಬಿಸಿಯಾಗುತ್ತೆ, ಮುದ್ದೆಯೊಳಗೆ ಆ ಬಿಸಿ ಕೂಡಿಕೊಂಡು ಬೆಂಕಿ ಹತ್ತಿದ್ದೂ ಉಂಟು. ಹರಡಿ ಒಣಗಿಸಿ.

ಉಜ್ಜೋದೇ ಬೇಸರದ ಕೆಲಸ. 120ರ ಉಪ್ಪುಕಾಗದದಲ್ಲಿ ಒಂದು ಸುತ್ತು, 220ರಲ್ಲಿ ಇನ್ನೊಂದು. ಹೊಳಪು ಹೋಗಿ ಮಂಕಾಗಬೇಕು, ಅಷ್ಟೇ. ಅಟ್ಟದಲ್ಲಿ ಹಳೇ ಡಬ್ಬ ಸಿಕ್ಕಿತು ಅಂತ ಅದನ್ನೂ ಉಜ್ಜೋಕೆ ಹೋಗಬೇಡಿ. ಮನೆ ಬಳಕೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಡಬ್ಬದ ಧೂಳು ಯಾಕೆ ಬೇಕು, ಮನೆಯಲ್ಲಿ ಮಕ್ಕಳಿದ್ದರಂತೂ.

ಗಿಡ ಇಡೋ ಡಬ್ಬಕ್ಕೆ ತೂತು ಈಗಲೇ ಹೊಡೆಯಬೇಕು, ಪ್ರೈಮರ್ ಅಂದರೆ ಅಡಿಬಣ್ಣ ಹಚ್ಚೋಕೆ ಮೊದಲು. ಇಲ್ಲದಿದ್ದರೆ ತುಕ್ಕು ಆ ತೂತಿನ ಅಂಚಿನಿಂದಲೇ ಶುರುವಾಗುತ್ತೆ. ಒಳಗಿನಿಂದ ಹೊರಕ್ಕೆ ಹೊಡೆಯಿರಿ. ಹೊರಗಿನಿಂದ ಹೊಡೆದರೆ ಅಂಚು ಒಳಗೆ ಎದ್ದು ನಿಂತು ನೀರು ಪೂರ್ತಿ ಇಳಿಯಲ್ಲ. ಒಂದು ಲೀಟರಿನ ಡಬ್ಬದೊಳಗೆ ಸುತ್ತಿಗೆ ಆಡಲ್ಲ, ಹಳೇ ಉದ್ದ ಸ್ಕ್ರೂಡ್ರೈವರ್ ಇಟ್ಟು ಮೇಲಿನಿಂದ ಹೊಡೆದೆ.

ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್, ತೆಳ್ಳಗೆ ಎರಡು ಕೋಟು, ಮಧ್ಯೆ ಒಂದು ದಿನ ಬಿಡುವು. ಮುಚ್ಚಳ ಕೂರುವ ಕಂಠದ ಸಂದಿಗೂ ಬ್ರಷ್ ಹಾಕಿದೆ, ನೀರು ನಿಲ್ಲೋದು ಅಲ್ಲೇ. ಒಣಗಿದ ಮೇಲೆ ನೋಡ್ತೀನಿ, ಥೇಟ್ ಕೆಮ್ಮಣ್ಣು! ಇದರಲ್ಲಿರೋದೂ ಕಬ್ಬಿಣದ ಆಕ್ಸೈಡೇ, ಕೆಮ್ಮಣ್ಣಿಗೆ ಕೆಂಪು ಬರೋದೂ ಅದರಿಂದಲೇ. ಮೇಲೆ ಇನ್ನೊಂದು ಬಣ್ಣ ಹಚ್ಚುವ ಯೋಚನೆ ಅಲ್ಲಿಗೇ ಬಿಟ್ಟೆ.

ಗೆರೆಗೆ ಮೊದಲು ಅಕ್ಕಿಹಿಟ್ಟನ್ನೇ ಪ್ರಯತ್ನಿಸಿದೆ. ಒಣಗಿದ ಮೇಲೆ ಕೈ ತಾಗಿದರೆ ರಂಗೋಲಿಯ ಹಾಗೆ ಉದುರಿತು. ಚಿತ್ತಾರಕ್ಕೆ ಬಳಸುವ ಪುಂಡಿ ನಾರಿನ ಕುಂಚ ಅಕ್ರಿಲಿಕ್‌ನಲ್ಲಿ ಅದ್ದಿದರೆ ಎರಡೇ ಗೆರೆಗೆ ಕಡ್ಡಿಯಾಯಿತು. ಕೊನೆಗೆ ಬಿಳಿ ಅಕ್ರಿಲಿಕ್, ಸೊನ್ನೆ ನಂಬರಿನ ಬ್ರಷ್. ದುಂಡು ಡಬ್ಬದ ಮೇಲೆ ಸ್ಕೇಲು ನಿಲ್ಲಲ್ಲ. ಅಗಲ ರಬ್ಬರ್ ಬ್ಯಾಂಡ್ ಹಾಕಿ ಅದರ ಅಂಚು ಹಿಡಿದು ಅಡ್ಡಗೆರೆ ಎಳೆದೆ. ಕಾಗದದ ಪಟ್ಟಿಯನ್ನು ಡಬ್ಬಕ್ಕೆ ಸುತ್ತಿ, ಬಿಚ್ಚಿ, ಎಂಟು ಮಡಿಕೆ ಮಾಡಿ, ಮತ್ತೆ ಸುತ್ತಿ ಮಡಿಕೆ ಬಂದಲ್ಲೆಲ್ಲಾ ಚುಕ್ಕಿ ಇಟ್ಟೆ. ಎಂಟು ಮನೆ ಸರಿಸಮ ಬಂದವು. ಅವುಗಳಲ್ಲಿ ಏಣಿ, ಭತ್ತದ ಸಸಿ, ಒಂದಕ್ಕೊಂದು ಹಾಯುವ ಗೆರೆಗಳು. ಇದನ್ನು ಚಿತ್ತಾರ ಅಂತ ನಾನು ಕರೆಯಲ್ಲ. ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆದ ಕೈಗಳ ಮುಂದೆ ಇದು ಸುಮ್ನೆ ನಕಲು. ದೊಡ್ಡಮ್ಮ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, "ಗೆರೆ ನಡುಗಿದೆ" ಅಂದರು. ಆದರೂ ಹೋಗುವಾಗ ಒಂದನ್ನು ಚೀಲಕ್ಕೆ ಹಾಕಿಕೊಂಡರು. ಎಲೆ ಅಡಿಕೆ ಮಾತ್ರ ಅದರಲ್ಲಿ ಇಡಬೇಡಿ ಅಂತ ಎರಡು ಸಲ ಹೇಳಿದೆ.

ಒಂದು ವಾರ ಬಿಟ್ಟು ಮೇಲೆ ವಾರ್ನಿಷ್ ಹೊಡೆದೆ. ಬಿಳಿ ಗೆರೆ ಸ್ವಲ್ಪ ಹಳದಿಗೆ ತಿರುಗಿತು, ನನಗೆ ಹಾಗೇ ಜಾಸ್ತಿ ಇಷ್ಟವಾಯ್ತು. ದೊಡ್ಡ ಡಬ್ಬಗಳಲ್ಲಿ ದಾಸವಾಳ ಇದೆ. ಚಿಕ್ಕವು ಪೆನ್ನು, ಕತ್ತರಿ, ಬಟ್ಟೆ ಕ್ಲಿಪ್ಪಿಗೆ. ತಿನ್ನೋ ಪದಾರ್ಥಕ್ಕಾಗಲೀ ಸೊಪ್ಪು ಬೆಳೆಯೋಕಾಗಲೀ ಒಂದನ್ನೂ ಕೊಟ್ಟಿಲ್ಲ. ಎರಡು ಮಳೆಗಾಲ ಕಳೆದವು, ಬಣ್ಣ ಎದ್ದಿಲ್ಲ. ನೇರ ನೆಲದ ಮೇಲಿಟ್ಟ ಒಂದು ಡಬ್ಬದ ತಳದ ಅಂಚಿನಲ್ಲಿ ಮಾತ್ರ ತುಕ್ಕು ಕಾಣಿಸಿತು, ಅದನ್ನು ಉಜ್ಜಿ, ಪ್ರೈಮರ್ ಹಚ್ಚಿ, ಈಗ ಮೂರು ಟೈಲ್ಸ್ ಚೂರಿನ ಮೇಲೆ ಕೂರಿಸಿದ್ದೇನೆ.